ತಲೆಗೆ ತಾಗುವ ತೊಲೆ

ಚಿಕ್ಕೋಡಿ, ನಿಪ್ಪಾಣಿಗಳ ಕಡೆಯ ಕೆಲವು ಹಳೆಯ ಹೆಂಚಿನ ಮನೆಗಳಲ್ಲಿ ಎತ್ತರದ ಆಳು ತಲೆ ಬಗ್ಗಿಸದೆ ನಡೆಯಲಾರನು. ಗೋಡೆಯಿಂದ ಗೋಡೆಗೆ ಹಾಯ್ದ ಅಡ್ಡತೊಲೆಯು ಹಣೆಗೆ ತಾಗುತ್ತದೆ. ವಿದ್ಯುತ್ ಬೀಸಣಿಗೆಯನ್ನು ತೂಗುಹಾಕಲು ಎಡೆಯಿರುವುದಿಲ್ಲ. ಆದರೆ ಆ ತೊಲೆಯ ಮೇಲೆ ಹೆಂಚಿನವರೆಗೂ ಬರಿಯ ತೆರಪು. ಏನನ್ನೂ ಹೊರದ ಈ ಮರವನ್ನು ಕೊಯ್ದುಹಾಕಿದರೇನು ಎಂದು ಮನೆಯೊಡೆಯನಿಗೆ ತೋರುವುದು ಸಹಜವೇ ಸರಿ.

ವಾಚಕರು ಒಂದು ಚಿಕ್ಕ ಪ್ರಯೋಗವನ್ನು ಮಾಡಿ ನೋಡಬಹುದು. ರಟ್ಟಿನ ಹೊದಿಕೆಯ ಎರಡು ಪುಸ್ತಕಗಳನ್ನು ನುಣುಪಾದ ಮೇಜಿನ ಮೇಲೆ ಒಂದಕ್ಕೊಂದು ಆನಿಸಿ, ಮನೆಯ ಮಾಡಿನಂತೆ ನಿಲ್ಲಿಸಿರಿ. ನೆತ್ತಿಯನ್ನು ಒತ್ತಿದೊಡನೆ ಬುಡಗಳು ಹೊರಕ್ಕೆ ಜಾರುತ್ತವೆ. ಬುಡಗಳನ್ನು ದಾರದಿಂದ ಬಳಸಿ ಕಟ್ಟಿ ಮತ್ತೆ ಒತ್ತಿದರೆ ದಾರವು ಬಿಗಿಯುವುದಲ್ಲದೆ ಮಾಡು ಕದಲದು. ಅಡ್ಡತೊಲೆಯೇ ಆ ದಾರ. ಅದು ಹೊರುವ ಮರವಲ್ಲ, ಎಳೆದು ಹಿಡಿಯುವ ಮರ. ಅದನ್ನು ತೆಗೆದರೆ ಮಾಡಿನ ತಳ್ಳಿಕೆಯೆಲ್ಲ ಗೋಡೆಯ ನೆತ್ತಿಗೆ ಬೀಳುತ್ತದೆ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಯು ಮೇಲಿನ ಭಾರವನ್ನು ತಾಳುವುದೇ ಹೊರತು ಮಗ್ಗುಲಿನ ತಳ್ಳಿಕೆಯನ್ನು ತಾಳದು. ಮೊದಲು ಮೂಲೆಗಳಲ್ಲಿ ಬಿರುಕು, ಆಮೇಲೆ ನೆತ್ತಿಯ ಬಾಗು, ಕೊನೆಗೆ ಒಂದು ಮಳೆಯ ರಾತ್ರಿ ಗೋಡೆಯೇ ಹೊರಕ್ಕೆ ಉರುಳಬಹುದು.

ತೊಲೆಯನ್ನು ಕೊಯ್ಯದೆ ಮೇಲಕ್ಕೆ ಸರಿಸಿದರೆ? ಸರಿಸಬಹುದು, ಆದರೆ ನೆತ್ತಿಗೆ ಹತ್ತಿರವಾದಷ್ಟೂ ಅದರ ಮೇಲಿನ ಎಳೆತ ಹೆಚ್ಚುತ್ತದೆ. ಕೋಣೆಯ ಅಗಲ 12 ಅಡಿ, ಮಾಡಿನ ಏರು 4 ಅಡಿ, ಎದುರುಬದುರಾದ ಒಂದು ಜೊತೆ ಇಳಿಜಾರಿನ ಮರಗಳ ಮೇಲಿನ ಒಟ್ಟು ಭಾರ 200 ಕಿಲೋ ಎಂದಿಟ್ಟುಕೊಳ್ಳೋಣ. ಗೋಡೆಯ ಮಟ್ಟದಲ್ಲಿರುವ ತೊಲೆಗೆ ಬೀಳುವ ಎಳೆತ 75 ಕಿಲೋ. 16 ಅಂಗುಲ, ಅಂದರೆ ಏರಿನ ಮೂರನೆಯ ಒಂದು ಭಾಗ, ಮೇಲಕ್ಕೆ ಸರಿಸಿದರೆ ಅದು ಸುಮಾರು 112 ಕಿಲೋ ಆಗುತ್ತದೆ. ಅರ್ಧಕ್ಕೆ ಸರಿಸಿದರೆ 150. ಇಷ್ಟೇ ಅಲ್ಲ, ತೊಲೆಯ ಕೆಳಗೆ ಉಳಿದ ಇಳಿಜಾರಿನ ಮರವನ್ನು ಆಗ ಹಿಡಿಯುವವರಿಲ್ಲ, ಅದು ಬಾಗತೊಡಗುತ್ತದೆ. ಆದುದರಿಂದ ಮೂರನೆಯ ಒಂದು ಭಾಗವನ್ನು ಮೀರದಿರುವುದು, ಇಳಿಜಾರಿನ ಮರಗಳನ್ನು ದಪ್ಪಗೊಳಿಸುವುದು, ಸಂದುಗಳಿಗೆ ಮೊಳೆಯ ಬದಲು ಬೋಲ್ಟು ಹಾಕುವುದು ಅವಶ್ಯ. ನೆತ್ತಿಯಲ್ಲಿಯೇ ದಪ್ಪನೆಯ ತೊಲೆಯೊಂದನ್ನು ಎರಡು ಕೊನೆಯ ಗೋಡೆಗಳ ಮೇಲೆ ಕೂರಿಸಿ ಮರಗಳನ್ನು ಅದಕ್ಕೆ ಬಿಗಿದರೆ ತಳ್ಳಿಕೆಯೇ ಇಲ್ಲವಾಗುತ್ತದೆ. ನನಗೆ ಮೆಚ್ಚಿನ ಉಪಾಯವಿದು. ಆದರೆ ಮಾಡಿನ ಅರ್ಧ ಭಾರವನ್ನು ಆ ತೊಲೆಯೇ ಹೊರಬೇಕು. ಅದರ ದಪ್ಪವನ್ನು ಕಣ್ಣಳತೆಯಿಂದ ನಿರ್ಧರಿಸಲಾಗದು.

ಮಳೆ ಕಡಿಮೆಯಾದ ಅಥಣಿಯ ಕಡೆಗೆ ಹೋದರೆ ಹೆಂಚಿನ ಬದಲು ಮಣ್ಣಿನ ಮಾಳಿಗೆ ಕಾಣುತ್ತದೆ. ಚಪ್ಪಟೆಯಾದ ಮಾಳಿಗೆ ಗೋಡೆಯನ್ನು ತಳ್ಳುವುದಿಲ್ಲ. ಇಲ್ಲಿ ಅಂಜಿಕೆ ಭಾರದ್ದು. ಒಂದು ಅಡಿ ದಪ್ಪದ ಮಣ್ಣು ಚದರಡಿಗೆ ಸುಮಾರು 45 ಕಿಲೋ ತೂಗುವುದರಿಂದ 10 ಅಡಿ ಚೌಕದ ಕೋಣೆಯ ಮೇಲೆ ನಾಲ್ಕೂವರೆ ಟನ್! ವರ್ಷ ವರ್ಷವೂ ಮೇಲೆ ಹೊಸ ಮಣ್ಣು ಹಾಕುತ್ತ ಬಂದುದರ ಫಲವಿದು. ಕಂಬದ ಅಡಿಗೆ ಕಲ್ಲು ಕೊಟ್ಟು ತೊಲೆಯನ್ನು ಎತ್ತುವವರು ಮೊದಲು ಹೆಚ್ಚಿನ ಮಣ್ಣನ್ನು ಇಳಿಸಬೇಕು, ತೊಲೆಗೆ ಎರಡು ಕಡೆಯೂ ಆಸರೆ ಕೊಟ್ಟು ಸ್ವಲ್ಪಸ್ವಲ್ಪವಾಗಿ ಎತ್ತಬೇಕು. ಕೆಲವರು ನೆಲವನ್ನೇ ಅಗೆದು ಎತ್ತರ ಗಳಿಸಲೆಳಸುತ್ತಾರೆ. ಕಾಗವಾಡ, ರಾಯಬಾಗ ತಾಲ್ಲೂಕುಗಳ ಕೃಷ್ಣಾ ತೀರದ ಹಳ್ಳಿಗಳು 2019ರಲ್ಲಿ ಕಂಡ ನೆರೆಯನ್ನು ನೆನೆದರೆ ಅದು ನೀರಿಗೆ ಕೊಟ್ಟ ಆಹ್ವಾನವೇ.

ಕೋಣೆ ವಿಶಾಲವಾಗಲೆಂದು ಕಂಬವನ್ನೇ ಕೀಳುವವರೂ ಉಂಟು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿದಾಗ ಇಂಥವೇ ಕಲ್ಲುಗೋಡೆ, ಮಣ್ಣುಮಾಳಿಗೆಗಳು ಕುಸಿದು ಸಾವಿರಾರು ಜನ ಮಡಿದರು. ಆದರೆ ಮಾಳಿಗೆಯ ಭಾರವೆಲ್ಲ ಮರದ ಕಂಬಗಳ ಮೇಲಿದ್ದ ಹಲವು ಮನೆಗಳಲ್ಲಿ ಸುತ್ತಣ ಗೋಡೆಗಳು ಬಿದ್ದರೂ ಮಾಳಿಗೆ ಮೇಲೆಯೇ ನಿಂತಿತ್ತು.