ಪ್ರಾಗ್ ನಗರದ ಪಂಚಾಂಗ

ಜೆಕ್ ದೇಶದ ರಾಜಧಾನಿಯಾದ ಪ್ರಾಗ್ ನಗರವನ್ನು ಎರಡು ದಿನಗಳಲ್ಲಿ ನೋಡಿ ಬರುವೆನೆಂದು ಹೊರಟವನು ಶನಿವಾರದ ಪೂರ್ವಾಹ್ನವನ್ನೆಲ್ಲ ಒಂದು ಗಡಿಯಾರದ ಮುಂದೆಯೇ ಕಳೆದೆನೆಂದರೆ ವಾಚಕರು ನಕ್ಕಾರು. ಆದರೆ ಹಳೆಯ ಪೇಟೆಯ ಪುರಭವನದ ಗೋಪುರಕ್ಕೆ 1410ರಲ್ಲಿ ಕೂಡಿಸಿದ ಆ ಯಂತ್ರವು ಗಂಟೆ ಹೇಳುವುದಕ್ಕಷ್ಟೇ ಹುಟ್ಟಿದ್ದಲ್ಲ; ಗೋಡೆಯ ಮೇಲೆ ತಿರುಗುವ ಪಂಚಾಂಗವದು.

ಗಂಟೆ ತುಂಬುತ್ತಲೇ ಅಸ್ಥಿಪಂಜರವೊಂದು ಹಗ್ಗ ಜಗ್ಗಿ ಗಂಟೆ ಬಾರಿಸುತ್ತದೆ, ಹಣದ ಚೀಲ ಹಿಡಿದ ಜಿಪುಣನೂ ಕನ್ನಡಿ ಹಿಡಿದ ಬೆಡಗುಗಾರನೂ ಒಲ್ಲೆವೆಂದು ತಲೆಯಾಡಿಸುತ್ತಾರೆ, ಮೇಲಿನ ಕಿಟಕಿಗಳಲ್ಲಿ ಏಸುವಿನ ಶಿಷ್ಯರು ಸುಳಿದು ಮರೆಯಾಗುತ್ತಾರೆ, ಕೋಳಿ ಕೂಗುತ್ತದೆ. ಆಟ ಮುಗಿಯಿತೆಂದು ಜನಸಂದಣಿ ಕರಗುತ್ತದೆ. ನೋಡತಕ್ಕದ್ದು ಇರುವುದು ಆ ಬಳಿಕವೇ.

ಭೂಮಿಯನ್ನು ನಡುವಿರಿಸಿದ ಫಲಕದ ಹೊರಬಳೆಯಲ್ಲಿರುವ 24 ಅಂಕಿಗಳು ಸೂರ್ಯಾಸ್ತದಿಂದ ಎಣಿಸುವ ಹಳೆಯ ಬೊಹೀಮಿಯದ ಗಂಟೆಗಳು; ಸೂರ್ಯೋದಯದಿಂದ ಘಳಿಗೆಗಳನ್ನೆಣಿಸುತ್ತ ಬಂದ ನಮಗೆ ಈ ಲೆಕ್ಕ ಅಪರಿಚಿತವೆನಿಸದು. ಅರ್ಧ ಕಪ್ಪು, ಅರ್ಧ ಬೆಳ್ಳಿಯ ಪುಟ್ಟ ಗುಂಡೊಂದು ತನ್ನಷ್ಟಕ್ಕೆ ಹೊರಳುತ್ತ ಚಂದ್ರನ ವೃದ್ಧಿಕ್ಷಯಗಳನ್ನು ತೋರಿಸುತ್ತದೆ. ರವಿಯು ಯಾವ ರಾಶಿಯಲ್ಲಿರುವನೆಂಬುದನ್ನೂ ಓದಿಕೊಳ್ಳಬಹುದು. ಆದರೆ ಲೆಕ್ಕ ವಿಷುವದಿಂದ ರಾಶಿಗಳನ್ನೆಣಿಸುವ ಸಾಯನದ್ದಾದುದರಿಂದ, ನಾವು ಜನವರಿಯ ನಡುವೆ ಎಳ್ಳುಬೆಲ್ಲ ಬೀರುವುದಕ್ಕೆ ಮೂರು ವಾರ ಮೊದಲೇ ಅಲ್ಲಿಯ ಸೂರ್ಯ ಮಕರವನ್ನು ಹೊಕ್ಕಿರುತ್ತಾನೆ. ಇಂಥ ಗಡಿಯಾರ ಬೇರೆಲ್ಲೂ ಆಗಕೂಡದೆಂದು ನಿರ್ಮಾತೃವಾದ ಹನುಶ್ ಎಂಬವನ ಕಣ್ಣು ಕೀಳಿಸಿದರೆಂಬ ಕಥೆಯುಂಟು. ಕಥೆ ಸುಳ್ಳು, ಕಟ್ಟಿದವನು ಕಾದಾನಿನ ಮಿಕುಲಾಶ್.

ಅಪರಾಹ್ನ ಕೋಟೆಯ ಬೆಟ್ಟವನ್ನೇರಿ, 1344ರಲ್ಲಿ ತೊಡಗಿ 1929ರಲ್ಲಿ ಮುಗಿದ ಸಂತ ವೀಟನ ದೇವಾಲಯವನ್ನು ಕಂಡೆ; ಭವ್ಯವೇನೋ ಹೌದು, ಆದರೆ ಮನಸ್ಸು ಗಡಿಯಾರದಲ್ಲಿಯೇ ಉಳಿದಿತ್ತು.

ಭಾನುವಾರ ಬೆಳಕು ಹರಿಯುವ ಮುನ್ನವೇ ವಲ್ತಾವಾ ನದಿಯ ಮೇಲಣ ಚಾರ್ಲ್ಸ್ ಸೇತುವೆಯಲ್ಲಿದ್ದೆ. ಅರ್ಧ ಕಿಲೋಮೀಟರಿನಷ್ಟು ಉದ್ದದ ಈ ಕಲ್ಲುಸೇತುವೆಯ ಇಕ್ಕೆಲಗಳಲ್ಲಿ ಸಂತರ ಪ್ರತಿಮೆಗಳು, ಮಸಿ ಹಿಡಿದು ಕಪ್ಪಾಗಿ ನಿಂತಿವೆ; ಅವುಗಳಲ್ಲಿ ಸಂತ ನೆಪೊಮುಕನ ಪಾದದ ಕಂಚಿನ ಫಲಕಗಳು ಮಾತ್ರ ಭಕ್ತರ ಕೈ ತಗುಲಿ ಹೊಳೆಯುತ್ತವೆ. ನಾಲ್ಕನೆಯ ಚಾರ್ಲ್ಸ್ ಚಕ್ರವರ್ತಿಯು ಜ್ಯೋತಿಷಿಗಳ ಮಾತಿನಂತೆ 1357ನೆಯ ವರ್ಷದ 9ನೆಯ ತಾರೀಖು, 7ನೆಯ ತಿಂಗಳು, ಬೆಳಗಿನ 5 ಗಂಟೆ 31 ನಿಮಿಷಕ್ಕೆ ಇದರ ಶಂಕುಸ್ಥಾಪನೆ ಮಾಡಿದನೆಂದು ಪ್ರತೀತಿ. ಅಂಕಿಗಳನ್ನು ಸಾಲಾಗಿ ಬರೆದು ಹಿಂದುಮುಂದಾಗಿ ಓದಿದರೂ ಒಂದೇ. ಇದಕ್ಕೆ ಹಿಂದೆ ಅಲ್ಲಿದ್ದ ಸೇತುವೆಯನ್ನು 1342ರ ನೆರೆ ಕೊಚ್ಚಿಕೊಂಡು ಹೋಗಿತ್ತು. ಮುಹೂರ್ತವಿಟ್ಟು ಕಟ್ಟಿದ್ದರೂ 1890ರ ಪ್ರವಾಹವು ಮೂರು ಕಮಾನುಗಳನ್ನು ಕೆಡವಿತು, ಉಳಿದವು ನಿಂತಿವೆ.