ಕೈಯಲ್ಲಿ ಕಾಸಿಲ್ಲ, ತೆರೆಯ ಮೇಲೆ ಬಣ್ಣವಿಲ್ಲ

ಅಮೆರಿಕದ ನ್ಯೂಜೆರ್ಸಿಯ ಲಿಯೊನಾರ್ಡೊ ಎಂಬ ಊರಿನಲ್ಲಿ ‘ಕ್ವಿಕ್ ಸ್ಟಾಪ್’ ಎಂಬ ಅಂಗಡಿಯಿದೆ. ಹಾಲು, ಬ್ರೆಡ್ಡು, ಸಿಗರೇಟು, ಪೇಪರು ಮಾರುವ ಅಂಗಡಿ. 1993ರಲ್ಲಿ ಅದರ ಗಲ್ಲಾದ ಹಿಂದೆ ನಿಲ್ಲುತ್ತಿದ್ದ ಇಪ್ಪತ್ತೆರಡು ವರ್ಷದ ಕೆವಿನ್ ಸ್ಮಿತ್ ಅಲ್ಲೇ ಒಂದು ಸಿನಿಮಾ ತೆಗೆಯಲು ಹೊರಟ. ಅಂಗಡಿ ಹುಡುಗನೊಬ್ಬನ ಒಂದು ದಿನದ ಕಥೆ; ಬಹುಪಾಲು ನಡೆಯುವುದು ಹಗಲಲ್ಲಿ. ಆದರೆ ಹಗಲೆಲ್ಲ ಅಲ್ಲಿ ವ್ಯಾಪಾರ, ಸ್ಮಿತ್‌ಗೂ ಅದೇ ಕೆಲಸ. ಚಿತ್ರೀಕರಣಕ್ಕೆ ಸಿಗುತ್ತಿದ್ದುದು ರಾತ್ರಿ ಹತ್ತೂವರೆಯಿಂದ ಬೆಳಗಿನ ಜಾವದವರೆಗೆ. ಕಿಟಕಿಯಾಚೆ ಕತ್ತಲು ಕಂಡರೆ ಕಥೆ ಕೆಟ್ಟಿತು. ಹೊರಗೆ ದೊಡ್ಡ ದೀಪಗಳನ್ನು ನಿಲ್ಲಿಸಿ ಹಗಲು ಮಾಡೋಣವೆಂದರೆ ದುಡ್ಡಿಲ್ಲ. ಸ್ಮಿತ್ ಕಥೆಯಲ್ಲೇ ದಾರಿ ಹುಡುಕಿದ: ಯಾರೋ ಶಟರಿನ ಬೀಗಕ್ಕೆ ಚೂಯಿಂಗ್ ಗಮ್ ತುರುಕಿದ್ದಾರೆ, ಶಟರ್ ಮೇಲೇಳುತ್ತಿಲ್ಲ.

ಅಲ್ಲಿಗೆ ನಿಂತಿದ್ದರೆ ಅದು ಬರಿಯ ಜಾಣತನವಾಗುತ್ತಿತ್ತು. ಶಟರ್ ಮುಚ್ಚಿದ್ದರಿಂದ ಅಂಗಡಿ ತೆರೆದಿದೆ ಎಂದು ಗಿರಾಕಿಗಳಿಗೆ ತಿಳಿಯದು. ನಾಯಕ ಡಾಂಟೆ ಒಂದು ಬೆಡ್‌ಶೀಟಿನ ಮೇಲೆ ಶೂ ಪಾಲಿಶ್‌ನಿಂದ, ಅಂಗಡಿ ತೆರೆದೇ ಇದೆ ಎಂದು ಭರವಸೆ ಕೊಟ್ಟು ಬರೆದು ಹೊರಗೆ ನೇತುಹಾಕುತ್ತಾನೆ. ಇನ್ನು ಬಂದವರು ಒಬ್ಬೊಬ್ಬರಾಗಿ, ಇಲ್ಲೇನೋ ಶೂ ಪಾಲಿಶ್ ವಾಸನೆ ಎನ್ನತೊಡಗುತ್ತಾರೆ. ದೀಪಕ್ಕೆ ದುಡ್ಡಿಲ್ಲದ ಒಂದು ಕೊರತೆಯಿಂದ ಶಟರು, ಶಟರಿನಿಂದ ಬೆಡ್‌ಶೀಟು, ಬೆಡ್‌ಶೀಟಿನಿಂದ ವಾಸನೆ, ವಾಸನೆಯಿಂದ ಸಿನಿಮಾದುದ್ದಕ್ಕೂ ಮತ್ತೆಮತ್ತೆ ಬರುವ ನಗೆ. ಸಣ್ಣ ಬಜೆಟ್ಟಿನ ಕಪ್ಪು–ಬಿಳುಪು ಹಾಸ್ಯಚಿತ್ರಗಳ ಕಸುಬು ಇರುವುದು ಇಲ್ಲಿ ಎಂದು ನಾನು ನಂಬುತ್ತೇನೆ. ಇಲ್ಲದ್ದಕ್ಕೆ ಕಥೆಯೊಳಗೇ ಒಂದು ಕಾರಣ ಹುಡುಕುವುದು, ಆ ಕಾರಣದ ಕೈಯಲ್ಲೇ ನಗಿಸುವುದು.

ಆ ಸಿನಿಮಾ ‘ಕ್ಲರ್ಕ್ಸ್’. ತೆಗೆಯಲು ತಗುಲಿದ್ದು 27,575 ಡಾಲರ್. ಸ್ಮಿತ್ ಹಲವಾರು ಕ್ರೆಡಿಟ್ ಕಾರ್ಡುಗಳನ್ನು ಮಿತಿಯವರೆಗೂ ಉಜ್ಜಿದ, ವರ್ಷಗಟ್ಟಲೆ ಕೂಡಿಟ್ಟಿದ್ದ ಕಾಮಿಕ್ಸ್ ಪುಸ್ತಕಗಳನ್ನು ಮಾರಿದ, ಪ್ರವಾಹದಲ್ಲಿ ಹಾಳಾದ ಕಾರಿನ ವಿಮೆ ಹಣವನ್ನೂ ಹಾಕಿದ. ಹಗಲು ಗಲ್ಲಾ, ರಾತ್ರಿ ಕ್ಯಾಮೆರಾ. ನಿದ್ದೆ ಎರಡರ ನಡುವೆ ಸಿಕ್ಕಷ್ಟು. ನಟರಿಗೂ ಬರ. ಸ್ನೇಹಿತ ವಾಲ್ಟ್ ಫ್ಲ್ಯಾನಗನ್ ಒಬ್ಬನೇ ಬೇರೆ ಬೇರೆ ಗಿರಾಕಿಗಳ ವೇಷದಲ್ಲಿ ಬಂದುಹೋಗುತ್ತಾನೆ. ಮೊಟ್ಟೆಯ ಡಬ್ಬಿ ತೆರೆದು ಒಂದೊಂದೇ ಮೊಟ್ಟೆಯನ್ನು ಪರೀಕ್ಷಿಸುತ್ತ ಕೂರುವವನೂ ಅವನೇ. ಹಾಲಿನ ಕಪಾಟಿನಲ್ಲಿ ಅತಿ ತಾಜಾ ಹಾಲಿಗಾಗಿ ತಡಕಾಡುವ ಹೆಂಗಸು ಸ್ಮಿತ್‌ನ ಸ್ವಂತ ತಾಯಿ. 1994ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು, ವಿತರಣೆಗೆ ಮಿರಾಮ್ಯಾಕ್ಸ್ ಕಂಪನಿ ಬಂತು. ರಾಷ್ಟ್ರದ ಸ್ವತ್ತಾಗಿ ಕಾಪಾಡಬೇಕಾದ ಚಲನಚಿತ್ರಗಳ ಅಮೆರಿಕದ ಅಧಿಕೃತ ಪಟ್ಟಿಗೆ 2019ರಲ್ಲಿ ಅದು ಸೇರಿತು. ಮಾತು ಬಹಳ ಒರಟು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂಥದ್ದಲ್ಲ.

ಬಣ್ಣ ಬಿಟ್ಟಿದ್ದೇಕೆ? ಕಚ್ಚಾ ಫಿಲ್ಮು ಮತ್ತು ಸಂಸ್ಕರಣೆಯ ಖರ್ಚು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು ಅಂಗಡಿಯ ಚಾವಣಿಯಲ್ಲಿದ್ದ ಟ್ಯೂಬ್‌ಲೈಟು. ನಮ್ಮ ಕಣ್ಣು ಎಲ್ಲ ಬೆಳಕನ್ನೂ ಬಿಳಿ ಎಂದು ಒಪ್ಪಿಕೊಂಡುಬಿಡುತ್ತದೆ. ಬಣ್ಣದ ಫಿಲ್ಮು ಒಪ್ಪುವುದಿಲ್ಲ. ಟ್ಯೂಬ್‌ಲೈಟಿನಡಿ ಮುಖಗಳು ಹಸಿರಾಗುತ್ತವೆ, ಬಲ್ಬಿನಡಿ ಕೆಂಪಗಾಗುತ್ತವೆ, ಬಿಸಿಲು ಬಂದರೆ ನೀಲಿ ಬೆರೆಯುತ್ತದೆ. ಇವನ್ನೆಲ್ಲ ಸರಿದೂಗಿಸಲು ದೀಪಗಳಿಗೆ ಬಣ್ಣದ ಹಾಳೆ ಸುತ್ತಬೇಕು, ಬೇರೆ ದೀಪ ಬಾಡಿಗೆಗೆ ತರಬೇಕು, ಜನ ಬೇಕು, ಹೊತ್ತು ಬೇಕು. ಕಪ್ಪು–ಬಿಳುಪು ಫಿಲ್ಮು ಕೇಳುವುದು ಬೆಳಕು ಎಷ್ಟಿದೆ, ಎಲ್ಲಿಂದ ಬೀಳುತ್ತಿದೆ ಎಂದಷ್ಟೆ. ಯಾವ ಜಾತಿಯ ದೀಪವನ್ನಾದರೂ ಯಾವುದರ ಜೊತೆಗಾದರೂ ಬೆರೆಸಬಹುದು.

ಹಾಗೆಂದು ಅದು ಸುಲಭದ ಕೆಲಸವೇನಲ್ಲ. ಕೆಂಪು ಅಂಗಿ, ಹಸಿರು ಗೋಡೆ ಕಣ್ಣಿಗೆ ಬೇರೆಬೇರೆ. ಕಪ್ಪು–ಬಿಳುಪಿನಲ್ಲಿ ಎರಡೂ ಒಂದೇ ಬೂದಿಯಾಗಿ, ನಟ ಗೋಡೆಯಲ್ಲಿ ಕರಗಿಹೋಗಬಹುದು. ಛಾಯಾಗ್ರಾಹಕ ಬಣ್ಣವನ್ನು ಮರೆತು ನೋಡುವುದನ್ನು ಕಲಿಯಬೇಕು. ತಲೆಯ ಹಿಂಬದಿಗೆ ತುಸು ಬೆಳಕು ಬಿಟ್ಟು ಕೂದಲಿನ ಅಂಚು ಹೊಳೆಯುವಂತೆ ಮಾಡಿ ಮನುಷ್ಯನನ್ನು ಹಿನ್ನೆಲೆಯಿಂದ ಬಿಡಿಸಬೇಕು. ಇದನ್ನು ಬಲ್ಲವರಿಗೆ ಸಿಗುವ ಲಾಭಗಳೂ ಇವೆ. ಹಿಚ್‌ಕಾಕ್‌ನ ‘ಸೈಕೊ’ದ (1960) ಸ್ನಾನದ ದೃಶ್ಯದಲ್ಲಿ ಹರಿಯುವ ರಕ್ತ ಚಾಕೊಲೇಟ್ ಸಿರಪ್. ಬಣ್ಣದಲ್ಲಾದರೆ ಅದು ತಿಂಡಿಯಂಗಡಿಯ ಸಾಮಾನು; ಇಲ್ಲಿ ಎದೆ ನಡುಗಿಸುತ್ತದೆ.

ಇನ್ನೊಂದು ಲೆಕ್ಕ ಫಿಲ್ಮಿನದು. 16 ಎಂಎಂ ಫಿಲ್ಮಿನ 400 ಅಡಿಯ ಸುರುಳಿ ಸುಮಾರು ಹನ್ನೊಂದು ನಿಮಿಷ ಓಡುತ್ತದೆ. ಒಂದು ಟೇಕ್ ಕೆಟ್ಟರೆ ಹೋದದ್ದು ಹೋಯಿತು. ಆದ್ದರಿಂದ ಕ್ಯಾಮೆರಾ ಹೊರತೆಗೆಯುವ ಮೊದಲೇ ತಾಲೀಮು ಮುಗಿದಿರಬೇಕು. ‘ಕ್ಲರ್ಕ್ಸ್’ನಲ್ಲಿ ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ, ಇಬ್ಬರು ಉಸಿರು ಬಿಡದೆ ಮಾತಾಡುತ್ತಾರೆ. ನಗೆಯ ಲಯವನ್ನು ಸಂಕಲನದ ಮೇಜಿನ ಮೇಲೆ ಕೂಡಿಸುವ ಅನುಕೂಲ ಅಲ್ಲಿಲ್ಲ. ಅದು ನಟರ ನಾಲಿಗೆಯಲ್ಲೇ ಇರಬೇಕು.

ಕನ್ನಡದ ನಮಗೆ ಸಣ್ಣ ಬಜೆಟ್ಟಿನ ಕಪ್ಪು–ಬಿಳುಪು ಎಂದರೆ ಮೊದಲು ನೆನಪಾಗುವುದು ಗಾಂಭೀರ್ಯ. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (1970), ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ‘ಸಂಸ್ಕಾರ’ಕ್ಕೆ ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಆ ಚಿತ್ರಗಳ ಮೌನವನ್ನು, ನೆರಳನ್ನು ನಾವು ಕೊಂಡಾಡಿದ್ದೇವೆ, ಸರಿಯಾಗಿಯೇ ಕೊಂಡಾಡಿದ್ದೇವೆ. ಅದೇ ಬಡತನ, ಅದೇ ಬೂದಿಬಣ್ಣ ನಗಿಸಲೂ ಬಲ್ಲದು ಎಂಬುದು ನಮ್ಮ ಮಾತುಕತೆಯೊಳಗೆ ಅಷ್ಟಾಗಿ ಬಂದಿಲ್ಲವಾದ್ದರಿಂದ ಈ ಪರಿಚಯ.

ಈ ಪರಂಪರೆಯ ಯಜಮಾನ ರೋಜರ್ ಕಾರ್ಮನ್. 1959ರಲ್ಲಿ ‘ಎ ಬಕೆಟ್ ಆಫ್ ಬ್ಲಡ್’ ಎಂಬ ಕರಾಳ ಹಾಸ್ಯದ ಚಿತ್ರವನ್ನು ಐದು ದಿನದಲ್ಲಿ ಮುಗಿಸಿದ. ಬೆನ್ನಿಗೇ ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ (1960). ಸ್ಟುಡಿಯೊದಲ್ಲಿ ಬೇರೆ ಚಿತ್ರಕ್ಕೆಂದು ಹಾಕಿ ಕೆಡವದೆ ಬಿಟ್ಟಿದ್ದ ಸೆಟ್ಟಿತ್ತು. ನಟರಿಗೆ ಮೊದಲೇ ತಾಲೀಮು ಮಾಡಿಸಿ, ಎರಡು ಕ್ಯಾಮೆರಾಗಳನ್ನು ಒಟ್ಟಿಗೆ ಓಡಿಸಿ, ಒಳಾಂಗಣದ ಭಾಗವನ್ನೆಲ್ಲ ಎರಡೇ ದಿನದಲ್ಲಿ ತೆಗೆದ. ಬೀದಿಯ ದೃಶ್ಯಗಳನ್ನು ಲಾಸ್ ಏಂಜಲೀಸಿನ ಬಡಬಗ್ಗರ ಕೇರಿಯಲ್ಲಿ ಬೇರೆಯಾಗಿ ಚಿತ್ರಿಸಲಾಯಿತು. ಒಟ್ಟು ಖರ್ಚು ಮೂವತ್ತು ಸಾವಿರ ಡಾಲರಿನ ಆಸುಪಾಸು.

ಕಥೆ ಹೂವಿನಂಗಡಿಯೊಂದರದು. ಕೆಲಸದ ಹುಡುಗ ಸೀಮೋರ್ ಒಂದು ವಿಚಿತ್ರ ಗಿಡ ಬೆಳೆಸುತ್ತಾನೆ. ಅದಕ್ಕೆ ಬೇಕಾದದ್ದು ನೀರಲ್ಲ, ಮನುಷ್ಯರ ರಕ್ತ. ಗಿಡ ಬಾಯಿ ತೆರೆದು ಊಟ ಹಾಕು ಎಂದು ಜೋರು ಮಾಡುತ್ತದೆ. ಆ ಧ್ವನಿ ಚಿತ್ರಕಥೆ ಬರೆದ ಚಾರ್ಲ್ಸ್ ಗ್ರಿಫಿತ್‌ನದು. ನಟರಿಗೆ ಎದುರು ಮಾತು ಸಿಗಲೆಂದು ಅವನು ಕ್ಯಾಮೆರಾದ ಹಿಂದೆ ಕೂತು ಹೇಳುತ್ತಿದ್ದ. ಆಮೇಲೆ ಬೇರೆ ನಟನಿಂದ ಡಬ್ ಮಾಡಿಸುವ ಯೋಚನೆಯಿತ್ತು. ಅದು ಹಾಗೆಯೇ ಉಳಿಯಿತು, ಉಳಿದದ್ದೇ ಒಳ್ಳೆಯದಾಯಿತು. ತರಬೇತಿಯಿಲ್ಲದ, ಹಟಮಾರಿ ಮಗುವಿನಂಥ ಆ ಗಂಟಲಿನಿಂದಲೇ ಗಿಡಕ್ಕೊಂದು ಸ್ವಭಾವ ಬಂದಿದೆ. ದಂತವೈದ್ಯರ ದೃಶ್ಯದಲ್ಲಿ, ನೋವನ್ನೇ ಸುಖವೆಂದು ಬಯಸಿ ಹಲ್ಲು ಕೀಳಿಸಿಕೊಳ್ಳಲು ಬರುವ ರೋಗಿಯಾಗಿ ಆಗಿನ್ನೂ ಹೆಸರಿಲ್ಲದ ಜ್ಯಾಕ್ ನಿಕೋಲ್ಸನ್ ಇದ್ದಾನೆ. ಎಲ್ಲರೂ ಹೊತ್ತು ಮೀರಿತೆಂಬಂತೆ ಮಾತಾಡುತ್ತಾರೆ, ಏಕೆಂದರೆ ಹೊತ್ತು ನಿಜಕ್ಕೂ ಮೀರುತ್ತಿತ್ತು. ಆ ಧಾವಂತವನ್ನು ಯಾವ ನಿರ್ದೇಶಕನೂ ಹೇಳಿಕೊಟ್ಟು ಮಾಡಿಸಲಾರ. ಈ ಚಿತ್ರದಿಂದ ಹುಟ್ಟಿದ ಸಂಗೀತ ನಾಟಕ 1982ರಲ್ಲಿ ರಂಗಕ್ಕೆ ಬಂತು. 1986ರಲ್ಲಿ ಅದರ ಅದ್ಧೂರಿ ವರ್ಣಚಿತ್ರವೂ ಆಯಿತು. ಅಲ್ಲಿನ ಯಾಂತ್ರಿಕ ಗಿಡ ಅದ್ಭುತ. ಆದರೂ ಬಾಯಿ ತೆರೆದು ಮುಚ್ಚುವುದಷ್ಟೇ ಗೊತ್ತಿರುವ ಹಳೆಯ ಗಿಡದ ಮೇಲೆ ನನಗೆ ಪ್ರೀತಿ ಹೆಚ್ಚು.

ಕಾರ್ಮನ್‌ನದು ಧಾವಂತದ ನಗೆಯಾದರೆ ಜಿಮ್ ಜಾರ್ಮುಶ್‌ನದು ತಡೆದು ತಡೆದು ಬರುವ ನಗೆ. ಜರ್ಮನಿಯ ನಿರ್ದೇಶಕ ವಿಮ್ ವೆಂಡರ್ಸ್ ತನ್ನ ಚಿತ್ರವೊಂದರಲ್ಲಿ ಮಿಕ್ಕ ಕಪ್ಪು–ಬಿಳುಪು ಫಿಲ್ಮನ್ನು ಜಾರ್ಮುಶ್‌ಗೆ ಕೊಟ್ಟ. ಅದರಲ್ಲಿ ಅರ್ಧ ಗಂಟೆಯ ಕಿರುಚಿತ್ರ ಆಯಿತು; ಅದನ್ನೇ ಬೆಳೆಸಿ ‘ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್’ (1984) ಮಾಡಿದ. ನ್ಯೂಯಾರ್ಕಿನಲ್ಲಿ ಹಂಗೇರಿ ಮೂಲದ ಒಬ್ಬ ಉಡಾಳ, ಅವನ ಗೆಳೆಯ, ಊರಿಂದ ಬಂದಿಳಿಯುವ ಸೋದರಸಂಬಂಧಿ ಹುಡುಗಿ. ಘಟನೆ ಎನ್ನುವುದು ಹೆಚ್ಚೇನಿಲ್ಲ. ಒಂದೊಂದು ದೃಶ್ಯವೂ ಒಂದೇ ಶಾಟ್. ಮುಗಿದೊಡನೆ ಪರದೆ ಕಪ್ಪಾಗುತ್ತದೆ, ಆಮೇಲೆ ಇನ್ನೊಂದು ದೃಶ್ಯ. ಬೇರೆಬೇರೆ ಕೋನದಿಂದ ಮತ್ತೆಮತ್ತೆ ತೆಗೆಯುವ ಖರ್ಚು ಇದರಿಂದ ಉಳಿಯಿತು. ಜೊತೆಗೆ ಆ ಕಪ್ಪು ಬಿಡುವು ನಗೆಗೆ ತಾಳವಾಯಿತು. ಪಾತ್ರಗಳು ಏನೋ ಹೇಳುತ್ತವೆ, ಸುಮ್ಮನಾಗುತ್ತವೆ, ನಾವು ಕಾಯುತ್ತೇವೆ, ಪರದೆ ಕಪ್ಪು. ಆಗ ನಗು ಬರುತ್ತದೆ, ಕತ್ತಲಲ್ಲಿ. ಕ್ಲೀವ್‌ಲ್ಯಾಂಡಿಗೆ ಹೋದ ಮೂವರೂ ಈರಿ ಸರೋವರ ನೋಡಲು ಹೊರಡುವ ದೃಶ್ಯವಂತೂ ಮರೆಯಲಾಗದ್ದು. ಹಿಮ ಕವಿದು ಎದುರಿಗೆ ಬರಿಯ ಬಿಳುಪು; ಸರೋವರವೇ ಕಾಣುವುದಿಲ್ಲ. ಮೂವರೂ ನಿಂತು ಆ ಏನೂ ಇಲ್ಲದ್ದನ್ನು ನೋಡುತ್ತಾರೆ. ಬಣ್ಣದಲ್ಲಿದ್ದಿದ್ದರೆ ಅದು ಹಿಮದ ದಿನ ಅನ್ನಿಸುತ್ತಿತ್ತು. ಇಲ್ಲಿ ಜಗತ್ತೇ ಅಲ್ಲಿಗೆ ಮುಗಿದಂತಿದೆ. ಕಾನ್ ಚಿತ್ರೋತ್ಸವದಲ್ಲಿ ಕ್ಯಾಮೆರಾ ದೋರ್ ಪ್ರಶಸ್ತಿ ಅದಕ್ಕೆ ಬಂತು.

ಬಡತನದಿಂದ ತಿಳಿಯದೆ ಹುಟ್ಟಿದ ನಗೆಯೂ ಉಂಟು. ‘ರೋಬಾಟ್ ಮಾನ್‌ಸ್ಟರ್’ (1953) ಚಿತ್ರಕ್ಕೆ ರೋಬಾಟಿನ ವೇಷ ಮಾಡಿಸಲು ಹಣವಿರಲಿಲ್ಲ. ಜಾರ್ಜ್ ಬ್ಯಾರೋಸ್ ಎಂಬ ನಟನ ಬಳಿ ಸ್ವಂತದ ಗೊರಿಲ್ಲಾ ವೇಷವಿತ್ತು. ಅದರ ಮೇಲೆ ಮುಳುಗುಗಾರರಂಥ ಶಿರಸ್ತ್ರಾಣ ತೊಡಿಸಿ ಅನ್ಯಗ್ರಹದ ವೈರಿಯೆಂದು ನಿಲ್ಲಿಸಿದರು. ಎಡ್ ವುಡ್‌ನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ನಲ್ಲಿ ಬೆಲಾ ಲುಗೋಸಿ ಇದ್ದಾನೆ, ಆದರೆ ಅವನು 1956ರಲ್ಲೇ ತೀರಿಕೊಂಡಿದ್ದ. ಮೊದಲೇ ತೆಗೆದಿದ್ದ ಕೆಲವು ತುಣುಕುಗಳನ್ನು ಬಳಸಿ, ಉಳಿದ ಕಡೆ ವುಡ್‌ನ ಹೆಂಡತಿಯ ಪರಿಚಯದ ವೈದ್ಯನೊಬ್ಬನನ್ನು ನಿಲ್ಲಿಸಿದರು. ಅವನು ಮುಖ ಕಾಣದಂತೆ ನಿಲುವಂಗಿಯ ಸೆರಗನ್ನು ಮೂಗಿನವರೆಗೆ ಎತ್ತಿ ಓಡಾಡುತ್ತಾನೆ. ಇಂಥ ಚಿತ್ರಗಳನ್ನು ನೋಡಿ ನಗುವಾಗಲೂ, ಹೇಗಾದರೂ ಸಿನಿಮಾ ಮುಗಿಸಲೇಬೇಕೆಂಬ ಆ ಹಂಬಲಕ್ಕೆ ನಾನು ತಲೆಬಾಗುತ್ತೇನೆ. ಟಿಮ್ ಬರ್ಟನ್ 1994ರಲ್ಲಿ ‘ಎಡ್ ವುಡ್’ ಎಂಬ ಚಿತ್ರ ತೆಗೆದದ್ದೂ ಅದೇ ಗೌರವದಿಂದ. ಅದನ್ನು ಕಪ್ಪು–ಬಿಳುಪಿನಲ್ಲಿ ತೆಗೆಯುತ್ತೇನೆಂದು ಅವನು ಪಟ್ಟು ಹಿಡಿದದ್ದಕ್ಕೆ ಕೊಲಂಬಿಯಾ ಸಂಸ್ಥೆ ಕೈಬಿಟ್ಟಿತು, ಡಿಸ್ನಿ ಎತ್ತಿಕೊಂಡಿತು.

ಆ ಐವತ್ತರ ದಶಕದ ಅಗ್ಗದ ವೈಜ್ಞಾನಿಕ ಚಿತ್ರಗಳ ಶೈಲಿಯನ್ನು ಬೇಕೆಂದೇ ಮರಳಿ ಕಟ್ಟಿದವನು ಲ್ಯಾರಿ ಬ್ಲಾಮೈರ್. ಅವನ ‘ದಿ ಲಾಸ್ಟ್ ಸ್ಕೆಲಿಟನ್ ಆಫ್ ಕಡಾವ್ರಾ’ (2001) ಡಿಜಿಟಲ್ ವಿಡಿಯೊದಲ್ಲಿ ಬಣ್ಣದಲ್ಲೇ ಚಿತ್ರಿತವಾಗಿ, ಆಮೇಲೆ ಬಣ್ಣ ಕಳಚಿಕೊಂಡಿತು. ಉಲ್ಕೆ ಹುಡುಕುವ ವಿಜ್ಞಾನಿ ದಂಪತಿ, ಮನುಷ್ಯರಂತೆ ನಟಿಸಲು ಒದ್ದಾಡುವ ಅನ್ಯಗ್ರಹದ ದಂಪತಿ, ಕಾಡಿನ ನಾಲ್ಕು ಪ್ರಾಣಿಗಳನ್ನು ಸೇರಿಸಿ ಮಾಡಿದ ಹೆಣ್ಣು ಅನಿಮಲಾ, ಎಲ್ಲರಿಗೂ ಅಪ್ಪಣೆ ಕೊಡುವ ಒಂದು ಅಸ್ಥಿಪಂಜರ. ಇಲ್ಲಿ ಕೆಲಸ ಮಾಡುವುದು ಒಂದೇ ಕಟ್ಟುಪಾಡು: ನಟರು ತಾವು ತಮಾಷೆ ಮಾಡುತ್ತಿದ್ದೇವೆಂದು ಒಂದು ಕ್ಷಣವೂ ತೋರಿಸಿಕೊಳ್ಳಬಾರದು. ವಿಜ್ಞಾನಿ ಹೇಳಿದ್ದನ್ನೇ ತಿರುಗಿಸಿ ತಿರುಗಿಸಿ ಹೇಳುವಾಗಲೂ ಮುಖದಲ್ಲಿ ಪೂರ್ಣ ನಂಬಿಕೆ. ಅನ್ಯಗ್ರಹದವರೂ ಅನಿಮಲಾಳೂ ಸಭ್ಯ ಮನೆಯ ಊಟದ ಮೇಜಿನಲ್ಲಿ ಮನುಷ್ಯರ ಮರ್ಯಾದೆಯಿಂದ ಕೂರಲು ಪ್ರಯತ್ನಿಸುವ ದೃಶ್ಯ ಈ ಬಗೆಯ ಅಭಿನಯಕ್ಕೆ ಪಾಠದಂತಿದೆ. ನಟರೇ ಕಣ್ಣು ಮಿಟುಕಿಸಿಬಿಟ್ಟರೆ ನಮಗೆ ನಗಲು ಏನೂ ಉಳಿಯುವುದಿಲ್ಲ. ಹಳೆಯ ಚಿತ್ರಗಳನ್ನು ಗೇಲಿ ಮಾಡುವವರು ಬಹಳ ಜನ. ಅವುಗಳ ತಪ್ಪನ್ನೆಲ್ಲ ಪ್ರೀತಿಯಿಂದ ಬಾಯಿಪಾಠ ಮಾಡಿ ಇಷ್ಟು ಅಚ್ಚುಕಟ್ಟಾಗಿ ಒಪ್ಪಿಸಿದವರು ಕಡಿಮೆ.

ಈ ಕಸುಬಿನ ಸಂಕಟವನ್ನೇ ಕಥೆ ಮಾಡಿಕೊಂಡ ಚಿತ್ರ ‘ಲಿವಿಂಗ್ ಇನ್ ಒಬ್ಲಿವಿಯನ್’ (1995). ನಿರ್ದೇಶಕ ಟಾಮ್ ಡಿಚಿಲ್ಲೊ ಹಿಂದೆ ಜಾರ್ಮುಶ್‌ನ ‘ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್’ಗೆ ಕ್ಯಾಮೆರಾ ಹಿಡಿದವನು. ಹಣ ಹೂಡಿದವರಲ್ಲಿ ಸ್ನೇಹಿತರೂ ನಟರೂ ಇದ್ದರು. ಸ್ಟೀವ್ ಬುಸೆಮಿ ಒಬ್ಬ ಬಡಪಾಯಿ ನಿರ್ದೇಶಕನ ಪಾತ್ರದಲ್ಲಿದ್ದಾನೆ. ತಾಯಿ–ಮಗಳ ಒಂದೇ ದೃಶ್ಯವನ್ನು ತೆಗೆಯಲು ಹೆಣಗುತ್ತಾನೆ: ಒಮ್ಮೆ ಬೂಮ್ ಮೈಕ್ ಚೌಕಟ್ಟಿನೊಳಗೆ ಇಳಿಯುತ್ತದೆ, ಒಮ್ಮೆ ಫೋಕಸ್ ಜಾರುತ್ತದೆ, ಒಮ್ಮೆ ಬೀದಿಯಿಂದ ಗದ್ದಲ. ಕೆಟ್ಟ ಹಾಲು ಕುಡಿದ ಛಾಯಾಗ್ರಾಹಕ ವಾಂತಿ ಮಾಡಲು ಹೋಗಿದ್ದಾಗ, ಬರಿಯ ತಾಲೀಮಿನಲ್ಲಿ ನಟಿಯರಿಬ್ಬರೂ ಜೀವ ಹಿಂಡುವಂತೆ ಅಭಿನಯಿಸುತ್ತಾರೆ. ಕ್ಯಾಮೆರಾ ಓಡುತ್ತಿಲ್ಲ. ನಗುತ್ತ ನಗುತ್ತ ಹೊಟ್ಟೆಯೊಳಗೆ ಸಂಕಟವಾಗುವ ಗಳಿಗೆ ಅದು. ಮೊದಲ ಭಾಗದಲ್ಲಿ ಸೆಟ್ಟಿನ ಬದುಕು ಕಪ್ಪು–ಬಿಳುಪು, ತೆಗೆಯುತ್ತಿರುವ ದೃಶ್ಯ ಬಣ್ಣದ್ದು. ಎರಡನೆಯ ಭಾಗದಲ್ಲಿ ಅದಲುಬದಲು. ಮುಂದೆ ಲೋಕಪ್ರಸಿದ್ಧನಾದ ಪೀಟರ್ ಡಿಂಕ್ಲೇಜ್‌ಗೆ ಇದು ಮೊದಲ ಸಿನಿಮಾ. ಕನಸಿನ ದೃಶ್ಯ ಬಂತೆಂದರೆ ಕುಬ್ಜರನ್ನೇ ಏಕೆ ಕರೆತರುತ್ತೀರಿ ಎಂದು ಅವನ ಪಾತ್ರ ಸಿಡಿದೇಳುವಾಗ ನಗೆಯ ದಿಕ್ಕೇ ತಿರುಗುತ್ತದೆ. ಅದುವರೆಗೆ ಸೆಟ್ಟಿನ ಅವಾಂತರಕ್ಕೆ ನಗುತ್ತಿದ್ದ ನಾವು, ಇಂಥ ದೃಶ್ಯಗಳನ್ನು ಪ್ರಶ್ನಿಸದೆ ಒಪ್ಪಿಕೊಂಡವರ ಸಾಲಿನಲ್ಲಿ ಸಿಕ್ಕಿಬೀಳುತ್ತೇವೆ.

ಹೊಸದಾಗಿ ನೋಡುವವರು ‘ಲಿಟಲ್ ಶಾಪ್’ನಿಂದ ಶುರುಮಾಡುವುದು ಒಳ್ಳೆಯದು. ಎಪ್ಪತ್ತು ನಿಮಿಷದ ಆಸುಪಾಸಿನ ಚಿತ್ರ. ಕಾರ್ಮನ್ ಹಕ್ಕುಸ್ವಾಮ್ಯದ ಗೊಡವೆಗೆ ಹೋಗದಿದ್ದುದರಿಂದ ಅಮೆರಿಕದಲ್ಲಿ ಅದು ಎಲ್ಲರ ಸ್ವತ್ತಾಗಿದೆ, ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಆಮೇಲೆ ‘ಲಿವಿಂಗ್ ಇನ್ ಒಬ್ಲಿವಿಯನ್’. ಜಾರ್ಮುಶ್‌ನನ್ನು ಅವಸರವಿಲ್ಲದ ರಾತ್ರಿಗೆ ಇಟ್ಟುಕೊಳ್ಳಿ. ‘ಲಿಟಲ್ ಶಾಪ್’ಗೆ ಮುಂದೆ ಯಾರೋ ಬಣ್ಣ ಹಚ್ಚಿದ ಪ್ರತಿಗಳೂ ಓಡಾಡುತ್ತಿವೆ. ಅವನ್ನು ಬಿಟ್ಟು ಮೂಲವನ್ನೇ ಹುಡುಕಿ ನೋಡಿ.