ಬಾವಿಯ ನೀರಿನಲ್ಲಿ ಫ್ಲೋರೈಡು

ನಮ್ಮ ಉಪ್ಪಲ್ಲಿನಿಂದ ವರಂಗಲ್ ರಸ್ತೆ ಹಿಡಿದು ಹೊರಟರೆ ಭುವನಗಿರಿ ಸಿಕ್ಕುತ್ತದೆ. 2016ರವರೆಗೆ ಅದು ನಲ್ಗೊಂಡ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯ ಹೆಸರೆತ್ತಿದೊಡನೆ ಕಂದುಗಟ್ಟಿದ ಹಲ್ಲು, ಬಗ್ಗಿದ ಬೆನ್ನು, ಸೊಟ್ಟಗಾದ ಕಾಲುಗಳ ನೆನಪು ಬರುವುದುಂಟು. ಪಾವಗಡ, ಮುಂಡರಗಿಗಳ ಕಡೆಯ ನಮ್ಮವರಿಗೂ ಇದು ಹೊಸತಲ್ಲ. ನೀರಿನಲ್ಲಿ ಕರಗಿದ ಫ್ಲೋರೈಡೇ ಇದಕ್ಕೆ ಕಾರಣ. ವಾಚನಾಲಯಕ್ಕೆ ಬರುವ ಹುಡುಗರು ಗಿಳಿಪಾಠದಂತೆ ಒಪ್ಪಿಸುವ ಆವರ್ತಕೋಷ್ಟಕದ ಒಂದೇ ಒಂದು ಸಾಲು ಸಾಕು, ಈ ರೋಗದ ಗುಟ್ಟನ್ನು ತಿಳಿಯಲು.

ಕೋಷ್ಟಕದ ಬಲಗಡೆ, ಕೊನೆಯದರ ಹಿಂದಿನ ಲಂಬಸಾಲಿನಲ್ಲಿ ಫ್ಲೋರೀನ್, ಕ್ಲೋರೀನ್, ಬ್ರೋಮೀನ್, ಅಯೋಡೀನ್ ಒಂದರ ಕೆಳಗೊಂದು ಇವೆ. ಇವುಗಳ ಪರಮಾಣು ಒಂದು ಎಲೆಕ್ಟ್ರಾನನ್ನು ಪಡೆದು ಅಯಾನು, ಅಂದರೆ ವಿದ್ಯುದಂಶವುಳ್ಳ ಕಣ, ಆಗುತ್ತದೆ. ಅಡಿಗೆಯ ಉಪ್ಪಿನಲ್ಲಿರುವುದು ಕ್ಲೋರೀನಿನ ಅಯಾನು. ಸಾಲಿನಲ್ಲಿ ಕೆಳಗಿಳಿದಂತೆ ಕಣ ದಪ್ಪವಾಗುತ್ತದೆ. ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲನ್ನು ಅಳತೆಯಾಗಿಟ್ಟುಕೊಂಡರೆ ಫ್ಲೋರೈಡಿನ ತ್ರಿಜ್ಯ ಸುಮಾರು 1.3, ಕ್ಲೋರೈಡಿನದು 1.8, ಅಯೋಡೈಡಿನದು 2.2.

ಈ ಸಣ್ಣ ಗಾತ್ರದಲ್ಲೇ ಎಲ್ಲವೂ ಇದೆ. ಹಲ್ಲು, ಮೂಳೆಗಳ ಗಟ್ಟಿ ಭಾಗವು ಕ್ಯಾಲ್ಸಿಯಂ ಮತ್ತು ರಂಜಕದ ಲವಣ. ಅದರೊಳಗೆ ಆಮ್ಲಜನಕ, ಜಲಜನಕ ಕೂಡಿದ ಹೈಡ್ರಾಕ್ಸಿಲ್ ಅಯಾನುಗಳೂ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತಿರುತ್ತವೆ. ವಿದ್ಯುದಂಶದಲ್ಲಿಯೂ ಗಾತ್ರದಲ್ಲಿಯೂ ಫ್ಲೋರೈಡು ಅವಕ್ಕೆ ಹೆಚ್ಚುಕಡಿಮೆ ಸಮ. ಆದುದರಿಂದ ಅವುಗಳ ಜಾಗದಲ್ಲಿ ತಾನು ಸೇರಿಬಿಡುತ್ತದೆ. ನಾವು ದಿನವೂ ಎಷ್ಟೋ ಪಾಲು ಹೆಚ್ಚಾಗಿ ತಿನ್ನುವ ಕ್ಲೋರೈಡಿಗೆ ಆ ಜಾಗ ಸರಿಹೊಂದದು. ಸ್ವಲ್ಪ ಫ್ಲೋರೈಡು ಹಲ್ಲು ಹುಳುಕಾಗದಂತೆ ಕಾಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಎಂಬುದು ಭಾರತೀಯ ಮಾನಕದ ಗರಿಷ್ಠ ಮಿತಿ. ಅದನ್ನು ಮೀರಿದ ನೀರನ್ನು ಮಕ್ಕಳು ಕುಡಿದು ಬೆಳೆದರೆ ಹಲ್ಲಿಗೆ ಕಲೆ. ಪ್ರಮಾಣ ಬಹಳ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಬೆನ್ನು, ಕೀಲುಗಳೇ ಬಿಗಿದುಕೊಳ್ಳುತ್ತವೆ.

ಇನ್ನು ಆಮ್ಲದ ಮಾತು. ಹೈಡ್ರೋಕ್ಲೋರಿಕ್ ಆಮ್ಲವು ನೀರಿಗೆ ಬಿದ್ದೊಡನೆ ತನ್ನ ಜಲಜನಕದ ಅಯಾನನ್ನು ಬಿಟ್ಟುಕೊಡುತ್ತದೆ. ಅದು ಪ್ರಬಲ ಆಮ್ಲ. ಸಣ್ಣ ಫ್ಲೋರೀನಿನ ಹಿಡಿತ ಬಿಗಿ, ಸುಲಭವಾಗಿ ಬಿಡದು. ಆದುದರಿಂದ ಹೈಡ್ರೋಫ್ಲೋರಿಕ್ ಆಮ್ಲ ದುರ್ಬಲ. ದುರ್ಬಲವೆಂದು ಸಲಿಗೆ ತೋರಬೇಡಿ, ಅದು ಗಾಜನ್ನೇ ತಿನ್ನುತ್ತದೆ! ಕುಡಿದ ನೀರಿನ ಫ್ಲೋರೈಡು ಜಠರದ ಆಮ್ಲದೊಡನೆ ಸೇರಿ ಇದೇ ರೂಪ ತಾಳುತ್ತದೆ. ಆಗ ವಿದ್ಯುದಂಶವಿಲ್ಲದ ಕಣವಾಗಿ ಜಠರದ ಗೋಡೆಯನ್ನು ದಾಟಿ ರಕ್ತಕ್ಕೆ ಹೋಗುತ್ತದೆ.

ನಲ್ಗೊಂಡದ ಗ್ರಾನೈಟ್ ಬಂಡೆಗಳಲ್ಲಿ ಫ್ಲೋರೀನುಳ್ಳ ಖನಿಜಗಳಿವೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕಿಳಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡದ ಅಂಶ ಹೆಚ್ಚಿದರೆ ಫ್ಲೋರೈಡು ನೀರಿನಲ್ಲೇ ಉಳಿಯುತ್ತದೆ. ನಮ್ಮ ಉಪ್ಪಲ್ ರಸ್ತೆಯ ರಾಷ್ಟ್ರೀಯ ಭೂಭೌತಿಕ ಸಂಶೋಧನಾ ಸಂಸ್ಥೆಯವರು ಆ ಜಿಲ್ಲೆಯ ಅಂತರ್ಜಲವನ್ನು ಪರಿಶೀಲಿಸಿದ್ದಾರೆ.

ನೀರು ಕಾಯಿಸಿದರೆ ಸಾಲದೆ ಎಂದು ಕೇಳುವವರುಂಟು. ಗಿರಣಿಯ ಬಾಯ್ಲರಿನಲ್ಲಿ ಆವಿ ಮೇಲಕ್ಕೆ ಹೋಗಿ ಲವಣ ತಳಕಟ್ಟುವುದನ್ನು ಕಂಡವರು ಕೇಳಲಾರರು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡು ಉಳಿಯುತ್ತದೆ. ನೀರು ಬತ್ತಿದಷ್ಟೂ ಅದರ ಸಾಂದ್ರತೆ ಏರುತ್ತದೆ. ನಾಗಪುರದ ನೀರಿ ಸಂಸ್ಥೆಯವರು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣಗಳನ್ನು ಬೆರೆಸಿ ಕದಡುತ್ತಾರೆ. ಆಗ ಹುಟ್ಟುವ ಗಸಿ ಫ್ಲೋರೈಡನ್ನು ಹಿಡಿದುಕೊಂಡು ಕೆಳಗಿಳಿಯುತ್ತದೆ. ಬೆರೆಸುವ ಪ್ರಮಾಣ ಮಾತ್ರ ಆಯಾ ನೀರಿನ ಪರೀಕ್ಷೆಯಿಂದಲೇ ಗೊತ್ತಾಗಬೇಕು, ಕಣ್ಣಂದಾಜು ನಡೆಯದು.

ಆ ಜಿಲ್ಲೆಗೆ ಈಗ ಕೃಷ್ಣೆಯ ನೀರು ನಳಗಳಲ್ಲಿ ಬರುತ್ತಿದೆ. ಆದರೆ ಎಲ್ಲಿಯೇ ಇರಲಿ, ಕೊಳವೆ ಬಾವಿಯ ನೀರನ್ನೇ ಕುಡಿಯುವವರು ಒಮ್ಮೆ ಅದನ್ನು ಪರೀಕ್ಷೆಗೆ ಕಳುಹಿಸತಕ್ಕದ್ದು. ಫ್ಲೋರೈಡಿರುವುದು ಬಣ್ಣ, ರುಚಿ, ವಾಸನೆ ಯಾವುದರಿಂದಲೂ ತಿಳಿಯುವುದಿಲ್ಲ.